ಯಾವ ವಿಧಾನ ಅನ್ನೋದು ಆಮೇಲೆ, ಲೋಡ್ ಆಗುವ ಹೊತ್ತಿನಲ್ಲಿ ಪಿನ್ ಏನು ಮಾಡುತ್ತೆ ನೋಡಿ

ಯಂತ್ರದ ಕಂಟ್ರೋಲ್ ಲಾಜಿಕ್ಕನ್ನು ಎಫ್‌ಪಿಜಿಎಯಲ್ಲಿ (ಒಳಗಿನ ಸರ್ಕ್ಯೂಟನ್ನು ನಾವೇ ಬರೆದು ಲೋಡ್ ಮಾಡುವ ಚಿಪ್) ಬರೆದಿದ್ದೀರಿ, ಅದನ್ನು ಬದಲಾಯಿಸಲು ಪೂರ್ತಿ ಚಿಪ್ ರೀಲೋಡ್ ಮಾಡಬೇಕೋ ಒಂದು ಭಾಗ ಸಾಕೋ ಅಂತ ಕೇಳಿದ್ದೀರಿ. ಇದೇ ಗೊಂದಲ ತಲೆಯಲ್ಲಿಟ್ಟುಕೊಂಡು ನಾನು ಕಾರ್ಕಳದ ಹತ್ತಿರ ಒಂದು ಗೇರುಬೀಜದ ಕಾರ್ಖಾನೆಗೆ ಹೋಗಿದ್ದೆ.

ಒಂದು ಬೆಲ್ಟ್, ಮೇಲೊಂದು ಹಾಪರ್ (ಬೀಜ ತುಂಬಿಡುವ ತೊಟ್ಟಿ), ಅದರ ಬಾಗಿಲು ತೆರೆಯಲು ಕರೆಂಟ್ ಕೊಟ್ಟರೆ ಎಳೆಯುವ ಸೊಲೆನಾಯ್ಡ್. ಡಬ್ಲ್ಯು 240 ಗಾತ್ರದ ಬೀಜಕ್ಕೆ ಒಂದು ಲಾಜಿಕ್, ಡಬ್ಲ್ಯು 320ಕ್ಕೆ ಇನ್ನೊಂದು. ಎರಡನ್ನೂ ಫ್ಲಾಶ್ ಮೆಮರಿಯಲ್ಲಿಟ್ಟು, ಬಟನ್ ಒತ್ತಿದರೆ ಚಿಪ್ ತಾನೇ ಮತ್ತೆ ಲೋಡ್ ಆಗುವಂತೆ ಮಾಡಿದ್ದೆ. ಸಿಮ್ಯುಲೇಶನ್‌ನಲ್ಲಿ ಎರಡೂ ಚೆನ್ನಾಗಿ ಓಡಿದ್ದವು.

ಬಟನ್ ಒತ್ತಿದೆ. ಹಾಪರ್ ಬಾಗಿಲು ಟಪ್ ಅಂತ ತೆರೆದುಕೊಂಡಿತು. ಒಳಗೆ ಉಳಿದಿದ್ದ 320 ಎಲ್ಲ ಕೆಳಗಿದ್ದ 240ರ ಡಬ್ಬಕ್ಕೆ ಸುರಿಯಿತು. ಬೆಳಿಗ್ಗೆಯಿಂದ ಕಣ್ಣಿಟ್ಟು ಆರಿಸಿದ್ದ ಹೆಂಗಸರು ತಡ್ಪೆ ಹಿಡಿದು ಮತ್ತೆ ಕೂತರು. ನಾನೂ ಕೂತೆ. ಸಂಜೆಯಾಯಿತು.

ಆಗಿದ್ದು ಇಷ್ಟು. ಲೋಡ್ ಆಗುವಾಗ ಚಿಪ್‌ನಲ್ಲಿ ನಿಮ್ಮ ಲಾಜಿಕ್ ಇರುವುದಿಲ್ಲ. ಹಳೆಯದು ಹೋಗಿದೆ, ಹೊಸದು ಬಂದಿಲ್ಲ. ಔಟ್‌ಪುಟ್ ಪಿನ್‌ಗಳನ್ನು ಚಿಪ್ ಕೈಬಿಟ್ಟಿರುತ್ತದೆ. ನನ್ನ ಚಿಪ್ ಆರ್ಟಿಕ್ಸ್-7 35ಟಿ. ಅದರಲ್ಲಿ ಪಿಯುಡಿಸಿ ಅಂತ ಒಂದು ಪಿನ್ ಇದೆ. ಅದನ್ನು ಗ್ರೌಂಡ್‌ಗೆ ಕಟ್ಟಿದರೆ ಆ ಹೊತ್ತಿನಲ್ಲಿ ಎಲ್ಲ ಪಿನ್‌ಗಳಿಗೂ ಒಳಗಿನ ಪುಲ್-ಅಪ್ (ಪಿನ್ನನ್ನು ಹೈ ವೋಲ್ಟೇಜ್ ಕಡೆ ಎಳೆಯುವ ರೆಸಿಸ್ಟರ್) ಬರುತ್ತದೆ. ನಾನು ಯೋಚಿಸದೆ ಗ್ರೌಂಡ್‌ಗೆ ಕಟ್ಟಿದ್ದೆ. ಪಿನ್ ಹೈ ಆಯಿತು, ಸೊಲೆನಾಯ್ಡ್‌ಗೆ ಸ್ವಿಚ್ ಆಗಿದ್ದ ಮಾಸ್‌ಫೆಟ್ ಆನ್ ಆಯಿತು, ಸೊಲೆನಾಯ್ಡ್ ಎಳೆಯಿತು. ಚಿಪ್‌ಗೆ ಲೋಡ್ ಆಗುವ ಫೈಲ್, ಅಂದ್ರೆ ಬಿಟ್‌ಸ್ಟ್ರೀಮ್, ಸುಮಾರು 1.75 ಕೋಟಿ ಬಿಟ್. ಕ್ಲಾಕ್ ಅನ್ನು ಡೀಫಾಲ್ಟ್ 3 ಮೆಗಾಹರ್ಟ್ಸ್‌ನಲ್ಲೇ ಬಿಟ್ಟು, ಒಂದೊಂದೇ ಬಿಟ್ ಓದಿಸುತ್ತಿದ್ದೆ. ಅಂದ್ರೆ ಹತ್ತಿರ ಹತ್ತಿರ 6 ಸೆಕೆಂಡ್ ಬಾಗಿಲು ತೆರೆದೇ ಇತ್ತು. ನನ್ನ ಸಿಮ್ಯುಲೇಶನ್‌ನಲ್ಲಿ ಆ 6 ಸೆಕೆಂಡ್ ಇರಲೇ ಇಲ್ಲ!

ಪಿಯುಡಿಸಿಯನ್ನು ಹೈ ವೋಲ್ಟೇಜ್‌ಗೆ ಕಟ್ಟಿದರೆ ಸಾಲದು, ಪಿನ್ ಗಾಳಿಯಲ್ಲಿ ತೂಗಾಡುತ್ತದೆ. ಪ್ರತಿ ಮಾಸ್‌ಫೆಟ್ ಗೇಟ್‌ಗೂ ಹೊರಗಿನಿಂದ 1 ಕಿಲೋ ಓಮ್ ಪುಲ್-ಡೌನ್ (ಗ್ರೌಂಡ್ ಕಡೆ ಎಳೆಯುವ ರೆಸಿಸ್ಟರ್) ಹಾಕಿ. 10 ಕಿಲೋ ಹಾಕಬೇಡಿ, ಪಿಯುಡಿಸಿ ಗ್ರೌಂಡ್‌ನಲ್ಲಿದ್ದರೆ ಒಳಗಿನ ಪುಲ್-ಅಪ್ ಅದನ್ನು ಸೋಲಿಸಬಹುದು. ಲೋಡ್ ಮುಗಿಯಿತು ಅಂತ ಹೇಳುವ ಡನ್ ಪಿನ್ ಹೈ ಆಗುವವರೆಗೆ ಸೊಲೆನಾಯ್ಡ್ ಡ್ರೈವರ್‌ಗೆ ಎನೇಬಲ್ ಕೊಡಬೇಡಿ.

ಒಂದು ಭಾಗ ಮಾತ್ರ ಬದಲಾಯಿಸಿದರೂ ಇದೇ ಕಥೆ. ಆ ಭಾಗದಿಂದ ಬರುವ ಸಿಗ್ನಲ್ ಲೋಡ್ ಮುಗಿಯುವ ತನಕ ನಂಬಿಕೆಗೆ ಅರ್ಹವಲ್ಲ. ಬದಲಾಗದ ಭಾಗದಲ್ಲಿ ಅದನ್ನು ತಡೆದು ನಿಲ್ಲಿಸಿ, ಹೊಸದಕ್ಕೆ ರೀಸೆಟ್ ಕೊಟ್ಟು ಆಮೇಲೆ ಬಿಡಿ.

ಇನ್ನೊಂದು ಮಾತು. ನಿಮ್ಮದೂ ಬೆಲ್ಟ್, ಬಾಗಿಲು, ಮೋಟರ್ ಇಷ್ಟೇ ಆದರೆ ಎಫ್‌ಪಿಜಿಎ ಯಾಕೆ? ಕೆಲವು ಮಿಲಿಸೆಕೆಂಡ್ ತಡ ಆದರೆ ನಡೆಯುತ್ತೆ ಅನ್ನೋ ಕಡೆ ಪಿಎಲ್‌ಸಿ (ಕಾರ್ಖಾನೆ ಯಂತ್ರಗಳಿಗೆಂದೇ ಇರುವ ಸಣ್ಣ ಕಂಟ್ರೋಲ್ ಕಂಪ್ಯೂಟರ್) ಹಾಕಿ. ಎರಡು ಕ್ರಮಕ್ಕೆ ಎರಡು ಬಿಟ್‌ಸ್ಟ್ರೀಮೂ ಬೇಕಿರಲಿಲ್ಲ, ಒಂದೇ ಡಿಸೈನ್‌ನಲ್ಲಿ ಎರಡನ್ನೂ ಇಟ್ಟು ಒಂದು ಸ್ವಿಚ್‌ನಿಂದ ಆರಿಸಬಹುದಿತ್ತು. ಈಗ ಅಲ್ಲಿ ಹಾಗೇ ಓಡುತ್ತಿದೆ.