ಮಾರ್ಚ್‌ನಲ್ಲಿ ಚಾಮುಂಡಿ ಬೆಟ್ಟ: ಪ್ರತಿಕ್ರಿಯೆ

ನಮಸ್ಕಾರ. ಯುಗಾದಿಯ ಆಸುಪಾಸಿನಲ್ಲಿ ಹತ್ತು ವರ್ಷದ ಮಗಳೊಂದಿಗೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ, ಅದೇ ದಾರಿಯಲ್ಲಿ ಇಳಿಯದೆ ಸುತ್ತಿ ಬರಬಹುದೇ, ಹೂವು ನೋಡಲು ಸಿಗುತ್ತವೆಯೇ ಎಂದು ಕೇಳಿದ್ದೀರಿ. ಖಂಡಿತ ಬರಬಹುದು, ಆದರೆ ಪೂರ್ಣ ಸುತ್ತು ಬೇಡವೆಂಬುದು ನನ್ನ ಅಭಿಪ್ರಾಯ.

ಸುಮಾರು 1000 ಮೆಟ್ಟಿಲುಗಳಿರುವ ಈ ದಾರಿಯು ಬುಡದಲ್ಲಿಯೇ ಕಡಿದಾಗಿರುವುದರಿಂದ, ಮಗುವಿನ ಉತ್ಸಾಹವನ್ನು ನೋಡಿ ಆರಂಭದಲ್ಲಿ ಓಡಲು ಬಿಡದೆ, ಹದಿನೇಳನೆಯ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ ಕೆತ್ತಿದ ನಂದಿಯವರೆಗೆ ನಿಂತು ನಿಂತು ಹತ್ತಿಸಿರಿ. ದೇವಸ್ಥಾನದಿಂದ ಹಿಂದಿರುಗುವಾಗ ವಾಹನಗಳ ರಸ್ತೆಯ ಅಂಚಿನಲ್ಲಿ ನಂದಿಯವರೆಗೆ ನಡೆದು, ಅಲ್ಲಿಂದ ಉಳಿದ ಮೆಟ್ಟಿಲುಗಳನ್ನು ಇಳಿದರೆ ಸಾಕಷ್ಟು ಸುತ್ತಿದಂತಾಗುತ್ತದೆ. ಈ ರಸ್ತೆಯ ತಿರುವುಗಳಲ್ಲಿ ಇಡೀ ಊರು ಕಾಣುತ್ತದೆ: ಅರಮನೆ, ಕಾರಂಜಿ ಕೆರೆ, ಬಿಳಿಯ ಲಲಿತಮಹಲ್. ಹೊತ್ತೇರಿದಂತೆ ಧೂಳು ಸೇರಿ ನೋಟ ಮಸುಕಾಗುವುದರಿಂದ ಬೆಳಗಿನ ಆರು ಗಂಟೆಗೇ ಬೆಟ್ಟದ ಪಾದ ಸೇರಿರಿ.

ಹೂವಿನ ವಿಷಯದಲ್ಲಿ ಅತಿಯಾದ ನಿರೀಕ್ಷೆ ಬೇಡ. ಇದು ಕುರುಚಲು ಕಾಡು, ಮಾರ್ಚ್‌ನಲ್ಲಿ ಹುಲ್ಲೆಲ್ಲ ಒಣಗಿರುತ್ತದೆ. ನಮ್ಮ ಸೀಮೆಯ ವಸಂತವಿರುವುದು ನೆಲದಲ್ಲಲ್ಲ, ಮರಗಳಲ್ಲಿ. ಎಲೆ ಉದುರಿದ ಮುತ್ತುಗ ಆ ಹೊತ್ತಿಗೆ ಕೆಂಪಾಗಿರುತ್ತದೆ, ಹೊಂಗೆ ಚಿಗುರುತ್ತದೆ. ಕಕ್ಕೆಯ ಹಳದಿ ಗೊಂಚಲು ಬೇಕೆಂದರೆ ಏಪ್ರಿಲ್ ಕೊನೆಯವರೆಗೆ ಕಾಯಬೇಕು. ತಿಂಡಿಯ ಚೀಲವನ್ನು ಮಗಳ ಕೈಗೆ ಕೊಡಬೇಡಿ, ಕೋತಿಗಳು ಕಸಿಯುತ್ತವೆ.