ಸಾಕಿದ ನಾಯಿಯನ್ನು ಊರಿನ ತೋಟದ ಮನೆಗೆ ಬಿಟ್ಟರೆ ಆರಾಮಾಗಿರುತ್ತದೆಯೇ?

ತೋಟದ ಮನೆಗೆ ಮಾತ್ರ ಕಳಿಸಬೇಡಿ. ಕೊಡಬೇಕೋ ಇಟ್ಟುಕೊಳ್ಳಬೇಕೋ ಅನ್ನುವುದಕ್ಕೆ ಆಮೇಲೆ ಬರುತ್ತೇನೆ.

ಎಂಟು ತಿಂಗಳ ಲ್ಯಾಬ್ರಡಾರ್, ಶಿವಮೊಗ್ಗದಲ್ಲಿ ಬಾಡಿಗೆ ಮನೆ, ಗಂಡ ಹೆಂಡತಿ ಇಬ್ಬರಿಗೂ ಕೆಲಸ, ಮಕ್ಕಳ ಹಠಕ್ಕೆ ತಂದಿದ್ದು, ಈಗ ಯಾಕಾದರೂ ತಂದೆವೋ ಅನ್ನಿಸಿದೆ. ಹೊಸನಗರದ ಹತ್ತಿರ ಮಾವನವರ ಅಡಿಕೆ ತೋಟ ಇದೆ, ಅಲ್ಲಿ ಬೇಕಾದಷ್ಟು ಜಾಗ ಇದೆ, ಖುಷಿಯಾಗಿರುತ್ತೆ ಅಲ್ವಾ ಅಂತ ಕೇಳಿದ್ದೀರಿ. ಹೊಸನಗರ ಇರುವ ಕಡೆ ತೀರ್ಥಹಳ್ಳಿ ಅಂತ ಹಾಕಿದರೆ ಇದು ನನ್ನದೇ ಪ್ರಶ್ನೆ. ನಾನು ಯಾರನ್ನೂ ಕೇಳಲಿಲ್ಲ, ಅಷ್ಟೇ ವ್ಯತ್ಯಾಸ.

ಆಗ ನಾವು ವಿನೋಬನಗರದಲ್ಲಿ ಮೊದಲ ಮಹಡಿಯಲ್ಲಿದ್ದೆವು. ನಾಯಿಯದ್ದೇ ಕಥೆ ಇದ್ದ ಸಿನಿಮಾವೊಂದು ಬಂದು ಹೋಗಿತ್ತು, ಯಾರ ಮನೆ ಗೇಟು ನೋಡಿದರೂ ಲ್ಯಾಬ್ ಮರಿ. ನಮ್ಮ ಮಗಳು ಊಟ ಬಿಟ್ಟಳು, ಮಗ ಮಾತು ಬಿಟ್ಟ. ಬೆಳಿಗ್ಗೆ ವಾಕಿಂಗ್ ಯಾರು, ಸಂಜೆ ಯಾರು ಅಂತ ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದು ಫ್ರಿಜ್ಜಿಗೆ ಅಂಟಿಸಿದರು. ಮರಿ ಬಂತು. ಬಣ್ಣ ನೋಡಿ ಬಿಸ್ಕತ್ ಅಂತ ಹೆಸರಿಟ್ಟರು. ಆ ಹಾಳೆ ಏನಾಯಿತು ಅಂತ ಹೇಳಬೇಕಿಲ್ಲ. ಟ್ಯೂಷನ್ ಶುರುವಾಯಿತು, ಮಳೆ ಶುರುವಾಯಿತು, ಬೆಳಗಿನ ವಾಕಿಂಗ್ ನನ್ನ ಪಾಲಿಗೆ ಬಂತು.

ಯಜಮಾನರು ಬೆಳಿಗ್ಗೆಯೇ ಭದ್ರಾವತಿ ಬಸ್ಸು ಹಿಡಿಯುತ್ತಿದ್ದರು. ನಾನು ಮನೆ ಸೇರುವಾಗ ಸಂಜೆ ಆರು ದಾಟಿರುತ್ತಿತ್ತು. ಮನೆಯಲ್ಲಿ ಅತ್ತೆ ಒಬ್ಬರೇ, ಅವರಿಗೆ ಮಂಡಿ ನೋವು. ಬಿಸ್ಕತ್ ದಿನವಿಡೀ ಬಾಲ್ಕನಿಯಲ್ಲಿ. ಚಪ್ಪಲಿ, ಪರದೆ, ಗ್ಯಾಸ್ ಪೈಪಿನ ತುದಿ, ಮಗನ ವಿಜ್ಞಾನದ ನೋಟ್ಸು, ಎಲ್ಲ ಕಡಿಯಿತು. ಸಾರಿನಲ್ಲಿ ಕೂದಲು. ಒಗೆದ ಬಟ್ಟೆಯಲ್ಲಿ ಒದ್ದೆ ನಾಯಿ ವಾಸನೆ. ಕೆಳಗಿನ ಮನೆಯ ಓನರ್ ಮೊದಲು ನಗುತ್ತಾ ಹೇಳಿದರು, ಆಮೇಲೆ ನಗುವುದನ್ನು ಬಿಟ್ಟು ಹೇಳಿದರು. ಒಂದು ದಿನ ಬಾಗಿಲು ತೆಗೆದ ತಕ್ಷಣ ಅದು ನುಗ್ಗಿ, ಅತ್ತೆ ಬಿದ್ದರು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ.

ನಾಯಿಯದ್ದು ಏನೂ ತಪ್ಪಿಲ್ಲ. ಲ್ಯಾಬ್ ಅಂದರೆ ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿ ಮೀನುಗಾರರ ಜೊತೆ ತಣ್ಣೀರಿಗೆ ಹಾರಿ ಬಲೆ, ಮೀನು ಎಳೆದು ತರುತ್ತಿದ್ದ ನಾಯಿಗಳ ವಂಶ. ಆಮೇಲೆ ಬ್ರಿಟನ್ನಿನಲ್ಲಿ ಬೇಟೆಯ ಬಾತುಕೋಳಿ ಎತ್ತಿ ತರಲು ಬೆಳೆಸಿದರು. ಮನುಷ್ಯನ ಜೊತೆಗೆ ದಿನವಿಡೀ ಕೆಲಸ ಮಾಡಲಿ ಅಂತಲೇ ಆರಿಸಿ ಬೆಳೆಸಿದ ಜಾತಿ ಇದು. ಅದನ್ನು ಬಾಲ್ಕನಿಯಲ್ಲಿ ಒಂಟಿಯಾಗಿ ಬಿಟ್ಟರೆ ಪರದೆ ಕಡಿಯದೆ ಇನ್ನೇನು ಮಾಡುತ್ತದೆ? ಎಂಟು ತಿಂಗಳು ಅಂದರೆ ಹುಡುಗು ಬುದ್ಧಿಯ ನಡುಮಧ್ಯ. ಲ್ಯಾಬ್‌ಗಳು ತಣ್ಣಗಾಗಲು ಹೆಚ್ಚು ಕಡಿಮೆ ಎರಡು ವರ್ಷ ಬೇಕು. ಅಷ್ಟರಲ್ಲಿ ಗಂಡು ನಾಯಿ 30 ಕಿಲೋ ದಾಟಿರುತ್ತದೆ.

ಯಜಮಾನರ ದೊಡ್ಡಪ್ಪನ ಮನೆ ತೀರ್ಥಹಳ್ಳಿ ಹತ್ತಿರ. ದೊಡ್ಡ ಅಂಗಳ, ಹಿಂದೆ ತೋಟ, ಅದರ ಹಿಂದೆ ಸೊಪ್ಪಿನ ಬೆಟ್ಟ, ಪಕ್ಕದಲ್ಲೇ ಹಳ್ಳ. ಫೋನ್ ಮಾಡಿದೆ. "ತಂದು ಬಿಡೇ ಮಾರಾಯ್ತಿ, ಇಲ್ಲಿ ಮಂಗನ ಕಾಟ ವಿಪರೀತ, ಎಷ್ಟು ನಾಯಿ ಇದ್ರೂ ಸಾಲಲ್ಲ" ಅಂದರು. ನನಗೆ ಕುಣಿಯುವಷ್ಟು ಸಮಾಧಾನ ಆಯಿತು. ಮಕ್ಕಳಿಗೆ ಮಳೆಗಾಲ ಮುಗಿದ ಮೇಲೆ ವಾಪಸ್ ತರೋಣ ಅಂತ ಸುಳ್ಳು ಹೇಳಿದೆ.

ನನ್ನ ತಪ್ಪು ಯಾವುದು ಅಂತ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ನಾಯಿ ತಂದಿದ್ದು ದಡ್ಡತನ, ಅದನ್ನು ಊರೆಲ್ಲ ಮಾಡುತ್ತದೆ. ಕೊಟ್ಟಿದ್ದು ಸರಿಯೇ. ನಾನು ಜಾಗ ನೋಡಿ ಕೊಟ್ಟೆ, ಜನ ನೋಡಿ ಕೊಡಲಿಲ್ಲ. ಆ ಮನೆಯವರು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ನಮ್ಮ ಮಕ್ಕಳನ್ನು ರಜೆಯಲ್ಲಿ ತಿಂಗಳುಗಟ್ಟಲೆ ನೋಡಿಕೊಂಡವರು ಅವರೇ. ಆದರೆ ಅವರಿಗೆ ಬೇಕಾಗಿದ್ದು ಕೆಲಸದ ನಾಯಿ. ಮಂಗ ಓಡಿಸಬೇಕು, ರಾತ್ರಿ ಬೊಗಳಬೇಕು, ಉಳಿದ ಅನ್ನ ತಿಂದು ಜಗಲಿ ಕೆಳಗೆ ಮಲಗಬೇಕು. ನಾನು ಕೊಟ್ಟಿದ್ದು ಮನುಷ್ಯರ ಕಾಲ ಮೇಲೆ ತಲೆ ಇಟ್ಟು ಮಲಗುವ ನಾಯಿ. ಫೋನಿನಲ್ಲಿ ನಾನು ಏನೇನು ಕೇಳಿದೆ ಗೊತ್ತಾ? ಬೇಲಿ ಇದೆಯಾ, ಬೇರೆ ನಾಯಿ ಇದೆಯಾ, ಕುಡಿಯೋಕೆ ನೀರು ಎಲ್ಲಿ. ರಾತ್ರಿ ಎಲ್ಲಿ ಮಲಗಿಸ್ತೀರಿ ಅಂತ ಕೇಳಲಿಲ್ಲ. ಕಿವಿ ಯಾರು ನೋಡ್ತಾರೆ, ಊಟ ಬಿಟ್ಟರೆ ಯಾರ ಕಣ್ಣಿಗೆ ಬೀಳುತ್ತೆ, ಅಡಿಕೆ ಕೊಯ್ಲು ಶುರುವಾದ ಮೇಲೆ ಮನೆಯಲ್ಲಿ ಯಾರಿಗಾದರೂ ಕೂರುವಷ್ಟು ಪುರುಸೊತ್ತು ಇರುತ್ತಾ, ಒಂದನ್ನೂ ಕೇಳಲಿಲ್ಲ. ಕೇಳಿದ್ದರೆ ಅವರು ಸುಳ್ಳು ಹೇಳುತ್ತಿರಲಿಲ್ಲ. ಎಲ್ಲ ಹೇಳುತ್ತಿದ್ದರು, ನಾನು ನಾಯಿಯನ್ನು ಅಲ್ಲಿ ಬಿಡುತ್ತಿರಲಿಲ್ಲ. ಒಳಗೊಳಗೆ ನನಗೆ ಉತ್ತರ ಬೇಕಿರಲಿಲ್ಲ ಅಂತ ಕಾಣುತ್ತದೆ. ಮನೆ ಒಮ್ಮೆ ಖಾಲಿಯಾದರೆ ಸಾಕಿತ್ತು.

ಮುಖ್ಯವಾಗಿ, ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು: "ಇದಕ್ಕಿಂತ ಮುಂಚೆ ಇದ್ದ ನಾಯಿಗಳು ಏನಾದವು?" ಆಮೇಲೆ ಗೊತ್ತಾಯಿತು. ಒಂದನ್ನು ಚಿರತೆ ಅಂಗಳದಿಂದಲೇ ಎತ್ತಿಕೊಂಡು ಹೋಗಿತ್ತು. ಒಂದಕ್ಕೆ ಹಾವು ಕಚ್ಚಿತ್ತು. ಇನ್ನೊಂದು ಕಾಡುಹಂದಿಗೆ ಅಂತ ಯಾರೋ ಇಟ್ಟಿದ್ದ ಸಿಡಿಮದ್ದು ಕಚ್ಚಿ ಸತ್ತಿತ್ತು. ಮುಪ್ಪಾಗಿ ಸತ್ತ ನಾಯಿ ಅಂತ ಆ ಮನೆಯಲ್ಲಿ ಯಾರಿಗೂ ನೆನಪಿಲ್ಲ. ಅವರಿಗೆ ಇದು ವಿಶೇಷ ಅನ್ನಿಸುವುದಿಲ್ಲ, ಕಾಡಂಚಿನ ಮನೆಗಳಲ್ಲಿ ನಾಯಿ ಬಾಳ್ವೆ ಹೀಗೇ. ಊರ ನಾಯಿಗೆ ಎಲ್ಲಿ ಮೂಸಬೇಕು, ಯಾವಾಗ ಬಾಲ ಮಡಚಿ ಒಳಗೆ ಓಡಬೇಕು ಅಂತ ಹುಟ್ಟಿದಾಗಿನಿಂದ ಗೊತ್ತಿರುತ್ತದೆ. ಬೀದಿಯಲ್ಲಿ ಬಿದ್ದಿದ್ದನ್ನೆಲ್ಲ ಬಾಯಿಗೆ ಹಾಕುವ ಲ್ಯಾಬ್‌ಗೆ ಏನು ಗೊತ್ತು?

ಬಿಸ್ಕತ್ ಮೊದಲ ಕೆಲವು ದಿನ ನಿಜಕ್ಕೂ ಖುಷಿಯಾಗಿತ್ತು. ವಿಡಿಯೋ ಕಳಿಸಿದರು, ಹಳ್ಳದಲ್ಲಿ ಬಿದ್ದು ಹೊರಳುತ್ತಿತ್ತು. ನೋಡಿ ನಾನು ಆಫೀಸಿನಲ್ಲೆಲ್ಲ ತೋರಿಸಿದೆ. ಆಮೇಲೆ ಅದು ಹೊಸದಾಗಿ ನೆಟ್ಟ ಅಡಿಕೆ ಸಸಿ ಕಿತ್ತಿತು. ಪಕ್ಕದ ಮನೆಯ ಕೋಳಿ ಬಾಯಲ್ಲಿ ಹಿಡಿದು ತಂದಿತು. ಕೊಲ್ಲಲಿಲ್ಲ, ತಂದು ಅಂಗಳದಲ್ಲಿ ಇಟ್ಟಿತು, ಅದರ ಜಾತಿಗುಣ ಅಲ್ವಾ. ಮಂಗ ಬಂದರೆ ಬಾಲ ಅಲ್ಲಾಡಿಸುತ್ತಾ ಕೆಳಗೆ ಕೂತು ನೋಡುತ್ತಿತ್ತಂತೆ. ಕೊಟ್ಟಿಗೆ ಪಕ್ಕದ ಕಂಬಕ್ಕೆ ಸರಪಳಿ ಹಾಕಿ ಕಟ್ಟಿದರು. ನಾಲ್ಕು ಎಕರೆ ತೋಟದಲ್ಲಿ ಅದಕ್ಕೆ ಸಿಕ್ಕಿದ್ದು ನಮ್ಮ ಬಾಲ್ಕನಿಗಿಂತ ಕಡಿಮೆ ಜಾಗ. ಚಿರತೆ ಓಡಾಡುವ ಕಡೆ ಕಟ್ಟಿ ಹಾಕಿದ ನಾಯಿಗೆ ಓಡುವ ದಾರಿಯೂ ಇರುವುದಿಲ್ಲ.

ಅದರ ಮೇಲೆ ಉಣುಗು. ನಮ್ಮ ಜಿಲ್ಲೆಯಲ್ಲಿ ಉಣುಗು ಅಂದ ಕೂಡಲೇ ಎಲ್ಲರಿಗೂ ಮಂಗನ ಕಾಯಿಲೆ ನೆನಪಾಗುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲೇ ಅದನ್ನು ಮೊದಲು ಗುರುತಿಸಿದ್ದು. ಆದರೆ ಅದನ್ನು ಹರಡುವ ಕಾಡಿನ ಉಣುಗು ಬೇರೆ, ನಾಯಿಗೆ ಜ್ವರ ತರುವ ಕಂದು ಉಣುಗು ಬೇರೆ. ಈ ಕಂದು ಉಣುಗು ನಾಯಿ ಮಲಗುವ ಜಾಗದ ಗೋಡೆ ಬಿರುಕು, ಕಂಬದ ಸಂದಿಯಲ್ಲೇ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಒಂದೇ ಕಂಬಕ್ಕೆ ಕಟ್ಟಿದ ನಾಯಿ ಅದಕ್ಕೆ ಬಡಿಸಿಟ್ಟ ಎಲೆ ಇದ್ದ ಹಾಗೆ.

"ನಾಯಿ ಯಾಕೋ ಊಟ ಬಿಟ್ಟಿದೆ" ಅಂತ ಫೋನ್ ಬಂದಾಗ ಅದು ಊಟ ಬಿಟ್ಟು ಎಷ್ಟು ದಿನವಾಗಿತ್ತೋ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಅಡಿಕೆ ಸುಲಿಯುವ ಸಮಯ, ಕೆಲಸದಾಳುಗಳಿಗೇ ಅಡಿಗೆ ಮಾಡಿ ಪೂರೈಸುತ್ತಿರಲಿಲ್ಲ. ನಾವು ಹೋಗಿ ನೋಡಿದರೆ ಮೂಗಿನಲ್ಲಿ ರಕ್ತ, ವಸಡು ಬಿಳಿ ಪೇಪರಿನ ಬಣ್ಣ, ಕಿವಿಯೊಳಗೆ ಗೊಂಚಲು ಗೊಂಚಲು ಉಣುಗು. ಕಾರಿನಲ್ಲಿ ಹಾಕಿಕೊಂಡು ಸೀದಾ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಬಂದೆವು. ಎರ್ಲಿಕಿಯಾ ಅಂದರು. ಉಣುಗು ಕಚ್ಚಿದಾಗ ರಕ್ತಕ್ಕೆ ಸೇರುವ ಬ್ಯಾಕ್ಟೀರಿಯಾ, ಪ್ಲೇಟ್‌ಲೆಟ್ ಬೀಳಿಸುತ್ತದೆ. ಡಾಕ್ಸಿಸೈಕ್ಲಿನ್ ಮಾತ್ರೆ, ಸಾಮಾನ್ಯವಾಗಿ 28 ದಿನದ ಕೋರ್ಸು. ಬೇಗ ಹಿಡಿದರೆ ವಾಸಿಯಾಗುವ ಕಾಯಿಲೆ, ನಾವು ಬೇಗ ಹಿಡಿದಿರಲಿಲ್ಲ. ಬದುಕಿತು, ಹೇಗೋ. ದೊಡ್ಡಪ್ಪನ ಮನೆಗೂ ನಮಗೂ ಮಾತು ಹಾಳಾಯಿತು. ಯಜಮಾನರು ಸಿಟ್ಟಿನಲ್ಲಿ ಏನೋ ಅಂದರು, ಅವರು "ನಿಮ್ಮ ಕಸ ನಮ್ಮಂಗಳಕ್ಕೆ ತಂದು ಸುರಿದವರು ನೀವೇ" ಅಂದರು. ಅವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಮಗ ಈಗಲೂ ಹಬ್ಬಕ್ಕೆ ಅಲ್ಲಿಗೆ ಬರುವುದಿಲ್ಲ.

ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಕೂತಾಗ ಪಕ್ಕದಲ್ಲಿ ಬೆಕ್ಕಿನ ಬುಟ್ಟಿ ಇಟ್ಟುಕೊಂಡ ಒಬ್ಬರು ಮಾತಿಗೆ ಸಿಕ್ಕರು. ಅವರ ಪರಿಚಯದಲ್ಲಿ ಗೋಪಾಳದ ಒಬ್ಬ ನಿವೃತ್ತ ಮೇಷ್ಟ್ರು. ಅವರ ಮುದಿ ನಾಯಿ ಹಿಂದಿನ ವರ್ಷ ಸತ್ತಿತ್ತು. ನಾನು ಹೋಗಿ ನೋಡಿದಾಗ ಮನಸ್ಸಿಗೆ ಬರಲಿಲ್ಲ. ಅರ್ಧ ಸೈಟಿನ ಮನೆ, ಮುಂದೆ ಸ್ಕೂಟರ್ ನಿಲ್ಲಿಸುವಷ್ಟು ಜಾಗ. ಆದರೆ ಮೇಷ್ಟ್ರು ನನ್ನನ್ನು ಕೂರಿಸಿ ಪರೀಕ್ಷೆ ಮಾಡಿದರು. ಕೊನೇ ರೇಬೀಸ್ ಇಂಜೆಕ್ಷನ್ ಯಾವಾಗ? ಸಿಡಿಲಿಗೆ ಹೆದರುತ್ತಾ? ತಟ್ಟೆಗೆ ಕೈ ಹಾಕಿದರೆ ಗುರ್ ಅನ್ನುತ್ತಾ? ಅರ್ಧಕ್ಕೂ ಹೆಚ್ಚು ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರ ಹೆಂಡತಿ ಒಳಗಿಂದ ಸತ್ತ ನಾಯಿಯ ಚೀಟಿಗಳ ಫೈಲು ತಂದು ತೋರಿಸಿದರು. ಬಿಸ್ಕತ್ ಅಲ್ಲೇ ಇದೆ. ದಿನಕ್ಕೆರಡು ಸಲ ತುಂಗಾ ಚಾನಲ್ ಪಕ್ಕ ಮೇಷ್ಟ್ರ ಜೊತೆ ವಾಕಿಂಗ್, ಉಳಿದ ಹೊತ್ತು ಅವರ ಕುರ್ಚಿ ಪಕ್ಕ ನಿದ್ದೆ. ಕಡಿಯುವುದನ್ನು ತಾನಾಗಿ ಬಿಟ್ಟಿದೆ.

ಈಗ ನಿಮ್ಮ ವಿಷಯ. ಹಗಲು ಹೊತ್ತಿನಲ್ಲಿ ನಿಮ್ಮ ಮನೆಯಲ್ಲಿ ನಾಯಿಯ ಜೊತೆ ಇರುವವರು ಯಾರು, ದಿನಾ ಎರಡು ಸಲ, ಜುಲೈ ಮಳೆಯಲ್ಲೂ ಹೊರಗೆ ಕರೆದುಕೊಂಡು ಹೋಗುವವರು ಯಾರು? ಹೆಸರು ಹೇಳಲು ಆದರೆ ಇಟ್ಟುಕೊಳ್ಳಿ, ಇನ್ನೊಂದು ವರ್ಷ ಪರದೆ ಹಾಕಿಸಬೇಡಿ, ಅಷ್ಟೇ. ಹೆಸರು ಬಾಯಿಗೆ ಬರದಿದ್ದರೆ ಕೊಟ್ಟುಬಿಡಿ. ಮಕ್ಕಳು ದೊಡ್ಡವರಾದ ಮೇಲೆ ನೋಡಿಕೊಳ್ಳುತ್ತಾರೆ ಅನ್ನುವುದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಪಶ್ಚಾತ್ತಾಪ ಆಗುತ್ತಿದೆ, ನಾನು ಕೆಟ್ಟವಳಾ ಅಂತಲೂ ಕೇಳಿದ್ದೀರಿ. ಅದರಿಂದ ನಾಯಿಗೆ ಏನೂ ಉಪಯೋಗ ಇಲ್ಲ, ಸುಮ್ನೆ ಬಿಡಿ. ಎಂಟು ತಿಂಗಳ ಲ್ಯಾಬ್‌ಗೆ ಮನೆ ಸಿಗುವಷ್ಟು ಸುಲಭವಾಗಿ ಮೂರು ವರ್ಷದ, ಬಾಲ್ಕನಿಯಲ್ಲಿ ಕೆಟ್ಟುಹೋದ ಲ್ಯಾಬ್‌ಗೆ ಸಿಗುವುದಿಲ್ಲ, ಅದನ್ನು ಯೋಚಿಸಿ.

ಕಾರಿನಲ್ಲಿ ಕೂರಿಸಿ ಕಾಡಿನ ರಸ್ತೆಯಲ್ಲಿ ಎಲ್ಲಾದರೂ ಬಿಟ್ಟು ಬನ್ನಿ ಅನ್ನುವವರೂ ಸಿಗುತ್ತಾರೆ, ನನಗೂ ಸಿಕ್ಕಿದ್ದರು. ಹಸಿವು ಬಾಯಾರಿಕೆಯಿಂದ ನರಳುವಂತೆ ಸಾಕುಪ್ರಾಣಿಯನ್ನು ಬಿಟ್ಟು ಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ, ಆ ಕಾಯ್ದೆ ಇನ್ನೂ ಆ ಕಾಲದಲ್ಲೇ ಇದೆ. ದಂಡ ಕಡಿಮೆ ಅಂತ ಮಾಡುವ ಕೆಲಸ ಅಲ್ಲ.

ಆನ್‌ಲೈನ್‌ನಲ್ಲಿ "ಉಚಿತ" ಅಂತ ಹಾಕಬೇಡಿ, ಮರಿ ಹಾಕಿಸಿ ಮಾರುವವರು ಮೊದಲು ಬರುತ್ತಾರೆ. ಆಪರೇಷನ್ ಮಾಡಿಸಿ ಕೊಟ್ಟರೆ ಆ ಜನ ತಾವಾಗಿ ದೂರ ಹೋಗುತ್ತಾರೆ. ನೀವು ಇಂಜೆಕ್ಷನ್ ಹಾಕಿಸುವ ಡಾಕ್ಟರಿಗೆ ಹೇಳಿಡಿ, ಯಾರ ನಾಯಿ ಇತ್ತೀಚೆಗೆ ಸತ್ತಿದೆ ಅಂತ ಅವರಿಗೆ ಗೊತ್ತಿರುತ್ತದೆ. ವಯಸ್ಸಾದವರಾದರೆ ಮೊದಲು ಒಂದು ವಾರ ಇಟ್ಟು ನೋಡಲಿ, 30 ಕಿಲೋ ಎಳೆದರೆ ಅವರೂ ಬೀಳುತ್ತಾರೆ. ಮಕ್ಕಳಿಗೆ ನಿಜ ಹೇಳಿ, ಅವರನ್ನೇ ಕರೆದುಕೊಂಡು ಹೋಗಿ ಕೊಡಿ.

ಮಾವನವರು ಈಗಾಗಲೇ ಕಳಿಸಿ ಅಂದಿದ್ದಾರೆ, ಬೇಡ ಅಂದರೆ ಬೇಜಾರಾಗುತ್ತಾರೆ ಅಂತ ಬರೆದಿದ್ದೀರಿ. ಅಲ್ಲಿಗೇ ಕೊಟ್ಟುಬಿಡೋಣ ಅನ್ನಿಸಿದರೆ ಒಮ್ಮೆ ಫೋನ್ ಮಾಡಿ ಹಳೇ ನಾಯಿಗಳ ಬಗ್ಗೆ ಕೇಳಿ. ಮುಪ್ಪಾಗಿ ಸತ್ತದ್ದು ಒಂದಾದರೂ ಇದ್ದು, ಅದರ ಹೆಸರು ಹೇಳುವಾಗ ಅವರ ದನಿ ಸ್ವಲ್ಪ ಬೇರೆಯಾದರೆ, ನಾನು ಹೇಳಿದ್ದೆಲ್ಲ ಮರೆತು ಅಲ್ಲಿಗೇ ಕಳಿಸಿ. ಇಲ್ಲದಿದ್ದರೆ "ಈ ಜಾತಿಗೆ ಮಲೆನಾಡ ಮಳೆ ಆಗಲ್ಲ ಅಂತ ಡಾಕ್ಟರು ಹೇಳಿದ್ರು ಮಾವ" ಅನ್ನಿ. ಅಪ್ಪಟ ಸುಳ್ಳು, ನೀರು ಕಂಡರೆ ಹಾರುವ ಜಾತಿ ಅದು. ಆದರೆ ಡಾಕ್ಟರ ಹೆಸರು ಹೇಳಿದರೆ ಮಾವಂದಿರು ಒಪ್ಪುತ್ತಾರೆ.