ಗೂಗಲ್ ಮ್ಯಾಪ್‌ನಲ್ಲಿ ನಮ್ಮ ಅಂಗಡಿ ಮೇಲೆ ಬರಬೇಕಾದರೆ ಹಣ ಕೊಡಬೇಕೇ?

ಹಾಸನದಲ್ಲಿ ಮಿಕ್ಸಿ, ಗ್ರೈಂಡರ್ ರಿಪೇರಿ ಅಂಗಡಿ ಇಟ್ಟಿದ್ದೀರಿ. ‘ಮಿಕ್ಸಿ ರಿಪೇರಿ’ ಎಂದು ಹುಡುಕಿದರೆ ಬೇರೆಯವರ ಅಂಗಡಿಗಳೇ ಬರುತ್ತವೆ, ತಿಂಗಳಿಗಿಷ್ಟು ಕೊಟ್ಟರೆ ಮೊದಲ ಸ್ಥಾನಕ್ಕೆ ತರುತ್ತೇವೆ ಎಂದು ಯಾರೋ ಫೋನ್ ಮಾಡುತ್ತಿದ್ದಾರೆ, ಕೊಡಲೇ ಎಂಬುದು ನಿಮ್ಮ ಪ್ರಶ್ನೆ.

ಕೊಡಬೇಡಿ. ಜಾಹೀರಾತಿನ ಮಾತು ಬೇರೆ, ಅದಕ್ಕೆ ಪ್ರಾಯೋಜಿತ ಎಂಬ ಗುರುತಿರುತ್ತದೆ. ಅದರ ಕೆಳಗಿನ ಪಟ್ಟಿಯಲ್ಲಿ ದುಡ್ಡು ಕೊಟ್ಟು ಮೇಲೇರುವ ದಾರಿಯಿಲ್ಲ ಎಂದು ಗೂಗಲ್ ಸಂಸ್ಥೆಯೇ ಹೇಳಿದೆ. ಅದು ನೋಡುವುದು ಮುಖ್ಯವಾಗಿ ಮೂರು: ಹುಡುಕಿದ ವಿಷಯಕ್ಕೂ ನಿಮ್ಮ ಕೆಲಸಕ್ಕೂ ಇರುವ ಹೊಂದಿಕೆ, ಹುಡುಕುವವರಿಂದ ಅಂಗಡಿಗಿರುವ ದೂರ, ಅಂಗಡಿಯ ಹೆಸರುವಾಸಿ. ಹೊಸ ಬಸ್ ನಿಲ್ದಾಣದಲ್ಲಿ ನಿಂತವರಿಗೆ ಕಾಣುವ ಪಟ್ಟಿಯೇ ಸಾಲಗಾಮೆ ರಸ್ತೆಯಲ್ಲಿರುವವರಿಗೂ ಕಾಣಬೇಕೆಂದಿಲ್ಲ. ಹೀಗಿರುವಾಗ ಎಲ್ಲರಿಗೂ ‘ಮೊದಲ ಸ್ಥಾನ’ ಎಂದು ಮಾರಲು ಬರುವವರ ಬಳಿ ಮಾರಲು ಏನಿದೆ?

ಈ ಮೂರರಲ್ಲಿ ಹೆಚ್ಚಾಗಿ ನಿಮ್ಮ ಕೈಯಲ್ಲಿರುವುದು ಮೊದಲನೆಯದು, ಹೊಂದಿಕೆ. ಅದರಲ್ಲೂ ಕೆಟಗರಿ, ಅಂದರೆ ನಿಮ್ಮದು ಯಾವ ಬಗೆಯ ಅಂಗಡಿ ಎಂದು ಗೂಗಲ್‌ಗೆ ಹೇಳುವ ವರ್ಗ. ಗೂಗಲ್‌ನಲ್ಲಿ ಅಂಗಡಿಗಳ ಪ್ರೊಫೈಲ್, ಅಂದರೆ ಮಾಹಿತಿ ಪುಟ, ನೋಡಿಕೊಳ್ಳುವುದೇ ನನ್ನ ಕಸುಬು; ರಿಪೇರಿಯವರು ‘ಎಲೆಕ್ಟ್ರಾನಿಕ್ಸ್ ಸ್ಟೋರ್’ ಎಂದು ಹಾಕಿಕೊಂಡು ಟಿವಿ ಮಾರುವವರ ಸಾಲಿನಲ್ಲಿ ಸೇರಿಹೋಗಿರುವುದನ್ನು ಎಷ್ಟೋ ಸಲ ನೋಡಿದ್ದೇನೆ. ನಿಮಗೆ ಒಪ್ಪುವುದು ‘ಸ್ಮಾಲ್ ಅಪ್ಲಯನ್ಸ್ ರಿಪೇರಿ ಸರ್ವಿಸ್’. ಮುಖ್ಯ ಕೆಟಗರಿ ಒಂದೇ, ಅದರ ಜೊತೆಗೆ 9 ಹೆಚ್ಚುವರಿ ಕೆಟಗರಿಗಳನ್ನು ಸೇರಿಸಬಹುದು. ಜಾಗವಿದೆಯೆಂದು ಮಾಡದ ಕೆಲಸವನ್ನೆಲ್ಲ ತುಂಬಬೇಡಿ. ಜಾರ್ ಬ್ಲೇಡ್ ಬದಲಿಸುವುದು, ಮೋಟಾರು ವೈಂಡಿಂಗ್, ಗ್ರೈಂಡರ್ ಬೆಲ್ಟ್ ಹಾಕುವುದು ಇಂಥವನ್ನು ಸೇವೆಗಳ ವಿಭಾಗದಲ್ಲಿ ಒಂದೊಂದಾಗಿ ಬರೆಯಿರಿ.

ಹೆಸರು ಮಾತ್ರ ಬೋರ್ಡಿನಲ್ಲಿ ಇದ್ದಂತೆಯೇ ಇರಲಿ. ಅದರ ಬಾಲಕ್ಕೆ ‘ಹಾಸನದ ನಂಬರ್ ಒನ್ ಮಿಕ್ಸಿ ರಿಪೇರಿ’ ಎಂದು ಕಟ್ಟಿದವರು ಕೆಲವು ಕಾಲ ಮೇಲೆ ಕಾಣಿಸಿಕೊಳ್ಳುವುದೂ ಉಂಟು, ಸುಳ್ಳು ಹೇಳುವುದಿಲ್ಲ. ಆದರೆ ಅದು ನಿಯಮಕ್ಕೆ ವಿರುದ್ಧ. ಯಾರಾದರೂ ದೂರು ಕೊಟ್ಟರೆ ಪ್ರೊಫೈಲ್ ಅಮಾನತಾಗಬಹುದು, ಗಳಿಸಿದ ರಿವ್ಯೂಗಳೂ ಅದರೊಂದಿಗೆ ಕಣ್ಮರೆಯಾಗಬಹುದು.

ಹೆಸರುವಾಸಿಗೆ ನೆರವಾಗುವುದು ರಿವ್ಯೂ, ಅದನ್ನು ಕೇಳಲು ಸಂಕೋಚ ಬೇಡ. ರಿಪೇರಿಯಾದ ಮಿಕ್ಸಿಯನ್ನು ಗಿರಾಕಿಯ ಎದುರಿಗೇ ಓಡಿಸಿ ತೋರಿಸುತ್ತೀರಲ್ಲ, ಅದೇ ಹೊತ್ತಿಗೆ ರಿವ್ಯೂ ಬರೆಯುವ ಪುಟ ತೆರೆಯುವ ಕ್ಯೂಆರ್ ಕೋಡ್ ಮುಂದಿಡಿ. ಐದು ಸ್ಟಾರ್ ಕೊಟ್ಟರೆ ಐವತ್ತು ರೂಪಾಯಿ ಬಿಡುತ್ತೇನೆ ಎನ್ನುವುದು ಮಾತ್ರ ಕೂಡದು, ಅದಕ್ಕೂ ನಿಷೇಧವಿದೆ.

ಜಸ್ಟ್‌ಡಯಲ್‌ನಲ್ಲಿ ಹಳೆಯ ನಂಬರ್ ಉಳಿದಿದ್ದರೆ ತಿದ್ದಿ. ಮೈಕ್ರೋಸಾಫ್ಟ್‌ನ ಹುಡುಕುತಾಣ ಬಿಂಗ್‌ಗೆ ಗೂಗಲ್‌ನಿಂದಲೇ ಮಾಹಿತಿ ಎಳೆದುಕೊಳ್ಳುವ ಸೌಲಭ್ಯವಿದೆ, ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ.

ಇದಕ್ಕೆಲ್ಲ ಮುಂಚೆ ನೋಡಬೇಕಾದದ್ದು ಪ್ರೊಫೈಲ್ ಯಾರ ಇಮೇಲ್‌ನಲ್ಲಿದೆ ಎಂಬುದನ್ನು. ಯಾವಾಗಲೋ ಬಂದ ಏಜೆಂಟ್ ತನ್ನ ಹೆಸರಿನಲ್ಲಿ ಮಾಡಿಟ್ಟು ಹೋಗಿರುವುದು ಸಾಮಾನ್ಯ. ಹಾಗಿದ್ದರೆ ಮ್ಯಾಪ್‌ನಲ್ಲಿ ನಿಮ್ಮ ಅಂಗಡಿ ತೆರೆದು ಮಾಲೀಕತ್ವಕ್ಕೆ ಕೋರಿಕೆ ಸಲ್ಲಿಸಿ. ಉತ್ತರಿಸಲು ಆತನಿಗೆ 3 ದಿನ ಇರುತ್ತದೆ. ಉತ್ತರ ಬಾರದಿದ್ದರೆ ಸಾಮಾನ್ಯವಾಗಿ ನೀವೇ ದೃಢೀಕರಣ ಮಾಡಿಕೊಳ್ಳಲು ಅವಕಾಶ ಸಿಗುತ್ತದೆ. ಅದಕ್ಕೆ ವಿಡಿಯೊ ಕೇಳಿದರೆ ರಸ್ತೆ, ಬೋರ್ಡು, ನೀವು ಬೀಗ ತೆಗೆದು ಷಟರ್ ಎತ್ತುವುದು, ಒಳಗಿನ ರಿಪೇರಿ ಮೇಜು ಎಲ್ಲವೂ ಎಲ್ಲೂ ಕತ್ತರಿಸದ ಒಂದೇ ಓಟದಲ್ಲಿ ಬರುವಂತೆ ಚಿತ್ರೀಕರಿಸಿ.